ಮಸಿಯಲ್ಲೂ ಕರೆಂಟ್ ಹರಿಯುತ್ತದೆ: ಒತ್ತು, ಹಿಗ್ಗು ತಿಳಿಸುವ ಮಸಿಯ ಪಾಠ

ಜೇನುಪೆಟ್ಟಿಗೆಯ ಅಡಿಗೆ ಇಡುವ ಬಿಲ್ಲೆ, ಕಾಯಿಗೆ ಸುತ್ತುವ ಪಟ್ಟಿ, ಎಲೆಗೆ ಅಂಟಿಸುವ ಟೇಪು - ಇಂಥ ಸಾಧನಗಳ ಹೆಸರು ಈಗ ನಮ್ಮ ತೋಟಗಳಲ್ಲೂ ಕೇಳಿಬರುತ್ತಿದೆ. ಎಲ್ಲಕ್ಕೂ 'ಸೆನ್ಸರ್' ಎಂಬ ಒಂದೇ ಹೆಸರು. ನೋಡಿದರೆ ತೆಳ್ಳಗಿನ ಪ್ಲಾಸ್ಟಿಕ್ ಹಾಳೆ, ಅದರ ಮೇಲೊಂದಿಷ್ಟು ಕಪ್ಪು ಗೆರೆ, ಎರಡು ವಯರು. ಇದರೊಳಗೆ ಎಂಥ ಉಂಟು, ಇದು ಯಾವ ಕೆಲಸಕ್ಕೆ ಆದೀತು, ಯಾವುದಕ್ಕೆ ಆಗದು ಅಂತ ತಿಳಿಯದೆ ದುಡ್ಡು ಕೊಡುವುದು ಹೇಗೆ?

ನಮ್ಮೂರಲ್ಲಿ ಜೇನು ಸಾಕುವ ಏಳು ಮನೆಯವರ ಮುಂದೆ ಇದೇ ಪ್ರಶ್ನೆ ಬಂದಿತ್ತು. ನಮ್ಮಲ್ಲಿ ಒಟ್ಟು 42 ಪೆಟ್ಟಿಗೆಗಳಿವೆ. ಪೆಟ್ಟಿಗೆಯೊಂದಕ್ಕೆ 1,800 ರೂಪಾಯಿಯಂತೆ ತೂಕ ತಿಳಿಸುವ ಬಿಲ್ಲೆಗಳನ್ನು ಹಾಕಿಕೊಡುವುದಾಗಿ ಒಬ್ಬರು ಮುಂದೆ ಬಂದಿದ್ದರು. ಲೆಕ್ಕ ಹಾಕಿದರೆ 75,600 ರೂಪಾಯಿ. ಆ ದುಡ್ಡು ಕೊಡುವ ಮೊದಲು ನಾನು ಒಂದಿಷ್ಟು ಓದಿದೆ, ಮನೆಯಲ್ಲಿ ಮಾಡಿ ನೋಡಿದೆ, ಒಂದು ಪೆಟ್ಟಿಗೆಗೆ ಹಾಕಿಸಿ ಪರೀಕ್ಷೆ ಮಾಡಿದೆ. ಅದರಿಂದ ತಿಳಿದದ್ದನ್ನು ಪಾಠದ ಹಾಗೆ ಇಲ್ಲಿ ಬರೆಯುತ್ತಿದ್ದೇನೆ. ಶಾಲೆಗೆ ಹೋಗುವ ಮಕ್ಕಳಿದ್ದರೆ ಜೊತೆಗೆ ಕೂರಿಸಿಕೊಂಡು ಓದಿ. ಅರ್ಧ ಕೆಲಸ ಅವರೇ ಮಾಡಿಯಾರು.

ಮಸಿಯೊಳಗೆ ಏನುಂಟು?

ಬೋರ್ಡೋ ದ್ರಾವಣ ಮಾಡಿದವರಿಗೆ ಈ ಮಸಿ ಅರ್ಥವಾಗುವುದು ಕಷ್ಟವಲ್ಲ. ಬೋರ್ಡೋದಲ್ಲಿ ಕೆಲಸ ಮಾಡುವ ಮದ್ದು ಒಂದು, ಗೊನೆಗೆ ಹಿಡಿದುಕೊಳ್ಳಲು ರಾಳದ ಅಂಟು ಒಂದು, ಎಲ್ಲ ಕಡೆಗೆ ಒಯ್ಯಲು ನೀರು ಒಂದು. ವಿದ್ಯುತ್ ಹರಿಯುವ ಮಸಿಯಲ್ಲೂ ಹೀಗೇ ಮೂರು ಭಾಗ. ಮೊದಲನೆಯದು ಕರೆಂಟ್ ಒಯ್ಯುವ ಪುಡಿ. ಎರಡನೆಯದು ಪುಡಿಯನ್ನು ಹಾಳೆಗೆ ಕಚ್ಚಿಸುವ ಅಂಟು. ಮೂರನೆಯದು ಬಳಿಯುವಾಗ ಮಾತ್ರ ಬೇಕಾಗುವ, ಒಣಗಿದ ಮೇಲೆ ಹಾರಿಹೋಗುವ ದ್ರವ.

ಪುಡಿ ಸಾಮಾನ್ಯವಾಗಿ ಎರಡು ಬಗೆ. ಒಂದು ಇಂಗಾಲ, ಅಂದರೆ ಗ್ರಾಫೈಟ್ ಮತ್ತು ನುಣ್ಣಗಿನ ಕಾಡಿಗೆಯಂಥ ಕಾರ್ಬನ್ ಬ್ಲ್ಯಾಕ್. ಇನ್ನೊಂದು ಬೆಳ್ಳಿ. ಬೆಳ್ಳಿಯನ್ನು ಅವಲಕ್ಕಿಯ ಹಾಗೆ ಚಪ್ಪಟೆ ಚೂರು ಮಾಡಿ ಸೇರಿಸುತ್ತಾರೆ. ಚಪ್ಪಟೆ ಚೂರು ಒಂದರ ಮೇಲೊಂದು ಒರಗಿ ಮಲಗಿದರೆ ಕರೆಂಟಿಗೆ ದಾರಿ ಸಲೀಸು.

ಬೆಳ್ಳಿ ಅಂದ ಕೂಡಲೇ ಕೆಲವರಿಗೆ ಮತ ಹಾಕುವಾಗ ಬೆರಳಿಗೆ ಹಚ್ಚುವ ಮೈಸೂರಿನ ಶಾಯಿ ನೆನಪಾಗಬಹುದು. 1962ರ ಮಹಾಚುನಾವಣೆಯಿಂದ ಬಳಕೆಯಲ್ಲಿರುವ ಆ ಶಾಯಿಯಲ್ಲೂ ಬೆಳ್ಳಿ ಉಂಟು. ಆದರೆ ಅದು ಬೆಳ್ಳಿಯ ನೈಟ್ರೇಟ್ ಎಂಬ ಲವಣ, ಚರ್ಮಕ್ಕೆ ಕಲೆ ಕೂರಿಸಲು ಇರುವಂಥದ್ದು. ನಮ್ಮ ವಿಷಯದ ಮಸಿಯಲ್ಲಿರುವುದು ಲೋಹವಾಗಿಯೇ ಉಳಿದ ಬೆಳ್ಳಿ. ಎರಡೂ ಬೇರೆ ಬೇರೆ.

ಈ ಮಸಿ ನಮಗೆ ತೀರಾ ಹೊಸತೇನೂ ಅಲ್ಲ. ಟೀವಿ ರಿಮೋಟಿನ ರಬ್ಬರ್ ಗುಂಡಿಯ ಅಡಿಯಲ್ಲಿರುವ ಕಪ್ಪು ಚುಕ್ಕೆ ಇಂಗಾಲದ್ದು. ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯ ಒತ್ತುವ ಹಾಳೆಯೊಳಗೆ ಇಂಥ ಮಸಿಯ ಗೆರೆಗಳಿರುತ್ತವೆ. ಸಕ್ಕರೆ ಕಾಯಿಲೆಯವರು ಬೆರಳು ಚುಚ್ಚಿ ರಕ್ತ ತಾಗಿಸುವ ಪಟ್ಟಿಗಳಲ್ಲಿ ಅನೇಕವು ಇಂಗಾಲ ಅಥವಾ ಬೆಳ್ಳಿ ಮಸಿಯಿಂದ ಅಚ್ಚು ಹಾಕಿದವು. ಅಚ್ಚು ಹಾಕುವ ಕ್ರಮವೂ ನಮಗೆ ಪರಿಚಿತವೇ. ಮದುವೆ ಕಾಗದಕ್ಕೆ ಮಾಡುವ ಸ್ಕ್ರೀನ್ ಪ್ರಿಂಟಿಂಗ್ ಇದ್ದಹಾಗೆ, ಬಟ್ಟೆಯ ಚೌಕಟ್ಟಿನ ಮೇಲೆ ಮಸಿ ಹಾಕಿ ರಬ್ಬರ್ ಪಟ್ಟಿಯಲ್ಲಿ ಎಳೆಯುವುದು.

ಅಂಗಳದ ಅಡಿಕೆಯ ಲೆಕ್ಕ

ಮಸಿ ಕಪ್ಪಾದ ಮಾತ್ರಕ್ಕೆ ಕರೆಂಟ್ ಹರಿಯುವುದಿಲ್ಲ. ಪುಡಿ ಸಾಕಷ್ಟು ಇರಬೇಕು. ಎಷ್ಟು ಸಾಕು?

ಅಂಗಳದಲ್ಲಿ ಅಡಿಕೆ ಒಣಹಾಕಿದ್ದೀರಿ ಅಂತ ಇಟ್ಟುಕೊಳ್ಳಿ. ಒಂದು ಇರುವೆ ನೆಲ ಮುಟ್ಟದೆ, ಅಡಿಕೆಯಿಂದ ಅಡಿಕೆಗೆ ದಾಟುತ್ತ ಈ ತುದಿಯಿಂದ ಆ ತುದಿಗೆ ಹೋಗಬೇಕು. ಅಲ್ಲೊಂದು ಇಲ್ಲೊಂದು ಅಡಿಕೆ ಇದ್ದರೆ ಹೋಗಲಾಗದು. ಇನ್ನೊಂದು ಬುಟ್ಟಿ ಸುರಿದರೂ ಆಗಲಿಕ್ಕಿಲ್ಲ. ಆದರೆ ಸುರಿಯುತ್ತ ಹೋದರೆ ಒಂದು ಹಂತದಲ್ಲಿ ಒಂದಕ್ಕೊಂದು ತಾಗಿದ ಸಾಲು ಎಲ್ಲೋ ಒಂದು ಕಡೆ ಕೂಡಿಕೊಂಡು ದಾರಿ ತೆರೆಯುತ್ತದೆ. ಅಲ್ಲಿಂದ ಮುಂದೆ ನಾಲ್ಕೇ ಅಡಿಕೆ ಹೆಚ್ಚಿದರೂ ಹೊಸ ಹೊಸ ದಾರಿ.

ಮಸಿಯಲ್ಲಿ ನಡೆಯುವುದು ಇದೇ. ಅಂಟು ಕರೆಂಟನ್ನು ಬಿಡುವುದಿಲ್ಲ, ಅದು ನೆಲವಿದ್ದ ಹಾಗೆ. ಪುಡಿಯ ಕಣಗಳು ಅಡಿಕೆ. ಕರೆಂಟೇ ಇರುವೆ. ದಾರಿ ತೆರೆಯುವ ಆ ಹಂತದ ಹತ್ತಿರ ಸ್ವಲ್ಪವೇ ಹೆಚ್ಚುಕಡಿಮೆಯಾದರೂ ಕರೆಂಟಿಗೆ ಆಗುವ ತಡೆ ಬಹಳ ಬದಲಾಗುತ್ತದೆ. ಈ ತಡೆಗೆ ಪಠ್ಯಪುಸ್ತಕದಲ್ಲಿ ರೋಧ ಅನ್ನುತ್ತಾರೆ, ವಯರಿಂಗ್‌ನವರ ಬಾಯಲ್ಲಿ ರೆಸಿಸ್ಟೆನ್ಸ್. ಅಳೆಯುವ ಮಾನ ಓಮ್.

ಒಂದು ಮಾತು ಇಲ್ಲೇ ಮನಸ್ಸಿನಲ್ಲಿಡಿ. ಕಣ ಕಣದ ನಡುವಿನ ಆ ನಾಜೂಕು ಸ್ಪರ್ಶವೇ ಈ ಮಸಿಯ ಶಕ್ತಿ, ಅದೇ ಇದರ ದೌರ್ಬಲ್ಯ. ಮುಂದೆ ಬರುವುದೆಲ್ಲ ಇದರ ವಿವರವೇ.

ಚೌಕದ ಲೆಕ್ಕ

ಮಸಿಯ ಗೆರೆಗೆ ಎಷ್ಟು ತಡೆ ಅಂತ ಹೇಳಲು ಒಂದು ಸುಲಭ ಲೆಕ್ಕ ಉಂಟು. ಒಂದೇ ದಪ್ಪದಲ್ಲಿ ಬಳಿದರೆ, ಚೌಕ ದೊಡ್ಡದಿರಲಿ ಸಣ್ಣದಿರಲಿ, ಅದರ ಒಂದು ಬದಿಯಿಂದ ಎದುರು ಬದಿಗೆ ಇರುವ ತಡೆ ಒಂದೇ. ಉದ್ದ ಎರಡು ಪಾಲಾದರೆ ಅಗಲವೂ ಎರಡು ಪಾಲಾಗುವುದರಿಂದ ಸರಿಹೋಗುತ್ತದೆ. ಹಾಗಾಗಿ ಮಸಿಯ ಡಬ್ಬಿಯ ವಿವರದಲ್ಲಿ 'ಚೌಕಕ್ಕೆ ಇಷ್ಟು ಓಮ್' ಅಂತ ಬರೆದಿರುತ್ತಾರೆ.

2 ಮಿಲಿಮೀಟರ್ ಅಗಲ, 100 ಮಿಲಿಮೀಟರ್ ಉದ್ದದ ಗೆರೆ ಎಳೆದರೆ ಅದರಲ್ಲಿ 50 ಚೌಕ. ಚೌಕಕ್ಕೆ 20 ಓಮ್ ಇರುವ ಇಂಗಾಲದ ಮಸಿಯಾದರೆ ಗೆರೆಗೆ 1,000 ಓಮ್. ಚೌಕಕ್ಕೆ 0.02 ಓಮ್ ಇರುವ ಬೆಳ್ಳಿ ಮಸಿಯಾದರೆ 1 ಓಮ್. ಎರಡಕ್ಕೂ ಸಾವಿರ ಪಾಲು ವ್ಯತ್ಯಾಸ. ಆದ್ದರಿಂದಲೇ ಕರೆಂಟ್ ಒಯ್ಯುವ 'ವಯರಿನ' ಕೆಲಸಕ್ಕೆ ಬೆಳ್ಳಿ, ಬದಲಾವಣೆ ತಿಳಿಸುವ ಕೆಲಸಕ್ಕೆ ಹೆಚ್ಚಾಗಿ ಇಂಗಾಲ.

ಹಿಗ್ಗಿದರೆ ಏನಾಗುತ್ತದೆ?

ಲೋಹದ ತಂತಿಯನ್ನು ಎಳೆದರೆ ಅದರ ತಡೆ ಹೆಚ್ಚುತ್ತದೆ ಅಂತ ಲಾರ್ಡ್ ಕೆಲ್ವಿನ್ ಎಂದು ಮುಂದೆ ಹೆಸರಾದ ವಿಜ್ಞಾನಿ 1856ರಲ್ಲೇ ತೋರಿಸಿದ್ದರು. ಕಾರಣ ಸರಳ. ಎಳೆದಾಗ ದಾರಿ ಉದ್ದವಾಗುತ್ತದೆ, ತಂತಿ ತೆಳುವಾಗುತ್ತದೆ. ಉದ್ದನೆಯ ಸಪೂರ ಪೈಪಿನಲ್ಲಿ ನೀರು ಕಷ್ಟಪಟ್ಟು ಹೋಗುವುದಿಲ್ಲವೇ, ಹಾಗೆ. 1938ರಲ್ಲಿ ಅಮೆರಿಕದ ಎಡ್ವರ್ಡ್ ಸಿಮನ್ಸ್ ಮತ್ತು ಆರ್ಥರ್ ರೂಜ್ ಬೇರೆ ಬೇರೆ ಕಡೆ ಕೆಲಸ ಮಾಡುತ್ತಾ, ಸಣ್ಣ ತಂತಿಯನ್ನು ವಸ್ತುವಿಗೆ ಅಂಟಿಸಿ ಅದರ ಹಿಗ್ಗನ್ನು ಅಳೆಯುವ ಸ್ಟ್ರೇನ್ ಗೇಜನ್ನು ರೂಪಿಸಿದರು.

100 ಮಿಲಿಮೀಟರ್ ತಂತಿ 101 ಮಿಲಿಮೀಟರ್ ಆದರೆ ಅದು ಶೇಕಡಾ 1ರ ಹಿಗ್ಗು. ಲೋಹದಲ್ಲಿ ತಡೆ ಹೆಚ್ಚುಕಮ್ಮಿ ಅದರ ಎರಡು ಪಾಲು, ಅಂದರೆ ಶೇಕಡಾ 2 ಏರುತ್ತದೆ. 1,000 ಓಮ್ ಇದ್ದದ್ದು 1,020 ಓಮ್. ಈ 'ಎರಡು ಪಾಲು' ಎಂಬುದಕ್ಕೆ ಗೇಜ್ ಫ್ಯಾಕ್ಟರ್ ಎಂದು ಹೆಸರು.

ಇಂಗಾಲದ ಮಸಿಯನ್ನು ರಬ್ಬರಿನ ಮೇಲೆ ಬಳಿದು ಎಳೆದರೆ ಕಥೆ ಬೇರೆ. ಅಂಗಳವನ್ನೇ ಎಳೆದು ಉದ್ದ ಮಾಡಿದ ಹಾಗೆ! ತಾಗಿಕೊಂಡಿದ್ದ ಅಡಿಕೆಗಳು ದೂರ ಸರಿಯುತ್ತವೆ, ದಾರಿಗಳು ಒಂದೊಂದಾಗಿ ಕಡಿಯುತ್ತವೆ. ಹಾಗಾಗಿ ತಡೆ ಲೋಹಕ್ಕಿಂತ ಎಷ್ಟೋ ಜೋರಾಗಿ ಏರಬಹುದು. ಮೇಲಾಗಿ ಲೋಹದ ಗೇಜು ಶೇಕಡಾ ಕೆಲವೇ ಹಿಗ್ಗನ್ನು ತಡೆಯುತ್ತದೆ, ರಬ್ಬರಿನ ಮೇಲಿನ ಮಸಿ ಅದಕ್ಕಿಂತ ಬಹಳ ಹೆಚ್ಚು ಹಿಗ್ಗೀತು.

ಹಾಗಾದರೆ ಇದೇ ಒಳ್ಳೆಯದಲ್ಲವೇ? ಒಂದು ತೊಡಕು ಉಂಟು. ಬಿಟ್ಟಾಗ ಕಣಗಳು ಮೊದಲಿನ ಜಾಗಕ್ಕೇ ಬಂದು ಕೂರುವುದಿಲ್ಲ. ಹೋಗುವಾಗಿನ ಅಂಕಿ ಒಂದು, ಬರುವಾಗಿನ ಅಂಕಿ ಇನ್ನೊಂದು. ಮೊದಲ ಸಲ ಎಳೆದಾಗಿನ ಅಂಕಿ ಹತ್ತನೆಯ ಸಲ ಎಳೆದಾಗ ಬರುವುದಿಲ್ಲ.

ಒತ್ತಿದರೆ ಏನಾಗುತ್ತದೆ?

ಒತ್ತು ತಿಳಿಸುವ ಬಿಲ್ಲೆಯ ರಚನೆ ಬೇರೆ. ಅಮೆರಿಕದ ಫ್ರಾಂಕ್ಲಿನ್ ಇವೆಂಟಾಫ್ 1970ರ ದಶಕದಲ್ಲಿ ಇದನ್ನು ರೂಪಿಸಿದ್ದು. ಇದರಲ್ಲಿ ಎರಡು ಪ್ಲಾಸ್ಟಿಕ್ ಹಾಳೆ. ಒಂದರ ಮೇಲೆ ಎರಡು ಬಾಚಣಿಗೆಗಳು ಹಲ್ಲಿಗೆ ಹಲ್ಲು ಹೊಗಿಸಿಟ್ಟ ಹಾಗೆ, ಆದರೆ ಒಂದಕ್ಕೊಂದು ತಾಗದ ಹಾಗೆ ಗೆರೆಗಳು. ಇನ್ನೊಂದರ ಮೇಲೆ ಇಂಗಾಲದ ಮಸಿ. ನಡುವೆ ಅಂಚಿನಲ್ಲಿ ಮಾತ್ರ ತೆಳು ಅಂಟುಪಟ್ಟಿ ಇಟ್ಟು ಎರಡನ್ನೂ ಎದುರು ಬದುರಾಗಿ ಅಂಟಿಸಿರುತ್ತಾರೆ.

ಒತ್ತದಿದ್ದಾಗ ಮಸಿ ಬಾಚಣಿಗೆಗೆ ತಾಗುವುದಿಲ್ಲ, ಕರೆಂಟಿಲ್ಲ. ಮೆಲ್ಲಗೆ ಒತ್ತಿದರೆ ಮಸಿಯ ಒರಟು ಮೈಯ ಕೆಲವೇ ಉಬ್ಬುಗಳು ತಾಗುತ್ತವೆ. ಜೋರಾಗಿ ಒತ್ತಿದರೆ ಹೆಚ್ಚು ಉಬ್ಬುಗಳು ತಾಗಿ ತಡೆ ಇಳಿಯುತ್ತದೆ. ಎಳೆದಾಗ ಏರುವ ತಡೆ ಇಲ್ಲಿ ಒತ್ತಿದಾಗ ಇಳಿಯುತ್ತದೆ ಎಂಬುದನ್ನು ಗಮನಿಸಿ. ಸಾಧನದೊಳಗಿನ ಚಿಪ್ಪು ಈ ತಡೆಯನ್ನು ನೇರವಾಗಿ ಓದುವುದಿಲ್ಲ. ಬಿಲ್ಲೆಯ ಜೊತೆಗೆ ಗೊತ್ತಿರುವ ಒಂದು ರೆಸಿಸ್ಟರ್ ಜೋಡಿಸಿ, ಎರಡರ ನಡುವೆ ಬ್ಯಾಟರಿಯ ವೋಲ್ಟೇಜು ಹೇಗೆ ಪಾಲಾಗಿದೆ ಅಂತ ನೋಡುತ್ತದೆ. ಎರಡೂ 10,000 ಓಮ್ ಆಗಿದ್ದರೆ 5 ವೋಲ್ಟ್ ಎರಡೂವರೆ ಎರಡೂವರೆಯಾಗಿ ಪಾಲು.

ಮನೆಯಲ್ಲೇ ಮಾಡಿ ನೋಡಿ

ಬೇಕಾದದ್ದು ಒಂದು ಮಲ್ಟಿಮೀಟರ್. ಪಂಪಿನ ರಿಪೇರಿಗೆ ಅಂತ ಅನೇಕರ ಮನೆಯಲ್ಲಿ ಇದ್ದೇ ಇರುತ್ತದೆ. ಮನೆಯ ಕರೆಂಟಿಗೆ ಇದ್ಯಾವುದನ್ನೂ ಜೋಡಿಸಬೇಡಿ, ಮೀಟರಿನೊಳಗಿನ ಬ್ಯಾಟರಿಯೇ ಸಾಕು. ಗ್ರಾಫೈಟ್‌ಗೋಸ್ಕರ ಹಳೆಯ ಸೆಲ್ಲುಗಳನ್ನು ಒಡೆಯಲೂ ಬೇಡಿ. ಗ್ರಾಫೈಟ್ ಪುಡಿ ಬೇರೆಯೇ ಸಿಗುತ್ತದೆ. ಪುಡಿ ಕಲಸುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ.

ಒಂದನೆಯ ಪ್ರಯೋಗ, ಪೆನ್ಸಿಲ್. ಚಿತ್ರ ಬರೆಯುವ 6ಬಿ ಅಥವಾ 8ಬಿ ಪೆನ್ಸಿಲ್ ತನ್ನಿ. ದಪ್ಪ ಕಾಗದದ ಪಟ್ಟಿಯ ಮೇಲೆ ಅರ್ಧ ಸೆಂಟಿಮೀಟರ್ ಅಗಲ, ಐದು ಸೆಂಟಿಮೀಟರ್ ಉದ್ದಕ್ಕೆ ಹೊಳಪು ಬರುವ ತನಕ ಗೀಚಿ. ಮೀಟರಿನ ಎರಡು ಕಡ್ಡಿಗಳನ್ನು ತುದಿಗಳಿಗೆ ಹಿಡಿದರೆ ಕಿಲೋ ಓಮ್‌ಗಳಲ್ಲಿ ಅಂಕಿ ಬರುತ್ತದೆ. ಗೀಚಿದ ಮೈ ಹೊರಗೆ ಬರುವಂತೆ ಕಾಗದವನ್ನು ಬಾಗಿಸಿ, ಅಂಕಿ ಏರುತ್ತದೆ. ಒಳಗೆ ಬರುವಂತೆ ಬಾಗಿಸಿ, ಇಳಿಯುತ್ತದೆ. ಇದೇ ಹಿಗ್ಗು ತಿಳಿಸುವ ಸೆನ್ಸರ್. ಖರ್ಚು ಒಂದು ಪೆನ್ಸಿಲ್.

ಎರಡನೆಯ ಪ್ರಯೋಗ, ಅಂಗಳದ ಅಡಿಕೆ. ಮರಕ್ಕೆ ಹಾಕುವ ಬಿಳಿ ಅಂಟನ್ನು ನಾಲ್ಕು ಮುಚ್ಚಳಗಳಲ್ಲಿ ಒಂದೊಂದು ಚಮಚ ಹಾಕಿ. ಗ್ರಾಫೈಟ್ ಪುಡಿಯನ್ನು ಮೊದಲನೆಯದಕ್ಕೆ ಕಾಲು ಚಮಚ, ಎರಡನೆಯದಕ್ಕೆ ಅರ್ಧ, ಮೂರನೆಯದಕ್ಕೆ ಒಂದು, ನಾಲ್ಕನೆಯದಕ್ಕೆ ಒಂದೂವರೆ ಚಮಚ ಹಾಕಿ ಕಲಸಿ. ಗಟ್ಟಿಯಾದರೆ ಎರಡು ಹನಿ ನೀರು. ಪ್ಲಾಸ್ಟಿಕ್ ಹಾಳೆಯ ಮೇಲೆ ನಾಲ್ಕು ಒಂದೇ ಅಳತೆಯ ಗೆರೆ ಬಳಿದು ಒಂದು ದಿನ ಒಣಗಿಸಿ ಅಳೆಯಿರಿ. ಎಲ್ಲ ಗೆರೆಗಳೂ ನೋಡಲು ಕಪ್ಪೇ. ಆದರೆ ಪುಡಿ ಕಡಿಮೆ ಇರುವಲ್ಲಿ ಮೀಟರ್ ಏನೂ ತೋರಿಸದಿದ್ದರೆ ಆಶ್ಚರ್ಯವಿಲ್ಲ. ದಾರಿ ಯಾವ ಮುಚ್ಚಳದಲ್ಲಿ ತೆರೆಯಿತು ಅಂತ ಮಕ್ಕಳು ಹುಡುಕಲಿ.

ಮೂರನೆಯದು ರಬ್ಬರ್ ಬೆಳೆಗಾರರಿಗೆ. ಬಿಳಿ ಅಂಟಿನ ಮಸಿ ಒಣಗಿದ ಮೇಲೆ ಎಳೆದರೆ ಬಿರುಕು ಬಿಡುತ್ತದೆ. ಹಿಗ್ಗುವ ಮಸಿ ಬೇಕಾದರೆ ಅಂಟೂ ಹಿಗ್ಗುವಂಥದ್ದಾಗಬೇಕು. ಅಮೋನಿಯಾ ಹಾಕಿದ ರಬ್ಬರ್ ಹಾಲು ಅದಕ್ಕೆ ಹೇಳಿ ಮಾಡಿಸಿದ್ದು. ಒಣಪುಡಿಯನ್ನು ನೇರ ಸುರಿದರೆ ಹಾಲು ಗಂಟುಕಟ್ಟುತ್ತದೆ. ಮೊದಲು ಪುಡಿಯನ್ನು ನಾಲ್ಕು ಹನಿ ಸಾಬೂನು ನೀರಿನಲ್ಲಿ ನೆನೆಸಿ, ಆಮೇಲೆ ಹಾಲಿಗೆ ಮೆಲ್ಲಗೆ ಬೆರೆಸಿ. ಹಳೆಯ ರಬ್ಬರ್ ಕೈಚೀಲದಿಂದ ಕತ್ತರಿಸಿದ ಪಟ್ಟಿಗೆ ಎರಡು ಮೂರು ಸಲ ಬಳಿದು ಒಣಗಿಸಿ. ಎಳೆದು ಅಂಕಿ ಬರೆದುಕೊಳ್ಳಿ, ಬಿಟ್ಟು ಬರೆದುಕೊಳ್ಳಿ. ಹತ್ತು ಸಲ ಹೀಗೆ ಮಾಡಿ. ಹೋಗುವ ದಾರಿಗೂ ಬರುವ ದಾರಿಗೂ ಇರುವ ವ್ಯತ್ಯಾಸ ನಿಮ್ಮ ಪುಸ್ತಕದಲ್ಲೇ ಕಾಣುತ್ತದೆ.

ನಾಲ್ಕನೆಯದು ಒತ್ತು. ಪೆನ್ಸಿಲ್ ಗೀಚಿದ ಎರಡು ಕಾಗದಗಳನ್ನು ಕಪ್ಪು ಮೈ ಒಳಗಾಗಿ ಒಂದರ ಮೇಲೊಂದು ಇಟ್ಟು, ಒಂದೊಂದಕ್ಕೂ ಮೀಟರಿನ ಒಂದೊಂದು ಕಡ್ಡಿ ಸಿಕ್ಕಿಸಿ. ಮೇಲೆ ಅರ್ಧ ಕಿಲೋ ಬಟ್ಟು ಇಡಿ, ಅಂಕಿ ಇಳಿಯುತ್ತದೆ. ಬಟ್ಟನ್ನು ಹಾಗೇ ಬಿಟ್ಟು ಒಂದು ನಿಮಿಷ, ಹತ್ತು ನಿಮಿಷ, ಒಂದು ಗಂಟೆ ಕಳೆದು ಮತ್ತೆ ಓದಿ. ಬಟ್ಟು ಅದೇ, ಅಂಕಿ ಅದೇ ಇರುವುದಿಲ್ಲ.

ಈ ಕೊನೆಯ ಪ್ರಯೋಗವೇ ನಮ್ಮ 75,600 ರೂಪಾಯಿಯ ಪ್ರಶ್ನೆಗೆ ದಾರಿ ತೋರಿಸಿದ್ದು.

ಇಟ್ಟಿಗೆ ತುಂಬಿದ ಪೆಟ್ಟಿಗೆ

ಬಿಲ್ಲೆ ತಂದ ಹುಡುಗ ಒಳ್ಳೆಯವನೇ. "ಅಣ್ಣ, ಮೇವು ಬರುವ ಕಾಲಕ್ಕೆ ದಿನಾ ಎಷ್ಟು ಜೇನು ಏರಿತು ಅಂತ ಮೊಬೈಲಲ್ಲೇ ನೋಡಬಹುದು" ಅಂದ. "ಹಾಗಾದರೆ ಒಂದು ತಿಂಗಳ ಮಟ್ಟಿಗೆ ಒಂದು ಪೆಟ್ಟಿಗೆಗೆ ಹಾಕಿಕೊಡು ಮಾರಾಯ, ನೋಡುವ" ಅಂದೆವು. ಒಪ್ಪಿದ.

ಜೇನಿರುವ ಪೆಟ್ಟಿಗೆಗೆ ಹಾಕಿದರೆ ಏರಿದ್ದು ಜೇನೋ ಬಿಲ್ಲೆಯ ಚೇಷ್ಟೆಯೋ ತಿಳಿಯದು. ಹಾಗಾಗಿ ಖಾಲಿ ಪೆಟ್ಟಿಗೆಗೆ ಇಟ್ಟಿಗೆ ತುಂಬಿಸಿ, ಸೊಸೈಟಿಯ ತಕ್ಕಡಿಯಲ್ಲಿ ಸರಿಯಾಗಿ 6 ಕಿಲೋ ತೂಗಿ, ಜಗಲಿಯ ನೆರಳಿನಲ್ಲಿ ನಾಲ್ಕು ಬಿಲ್ಲೆಗಳ ಮೇಲೆ ಇಟ್ಟೆವು. ಒಂದು ಗಂಟೆ ಬಿಟ್ಟು ಮೊಬೈಲಲ್ಲಿ 6 ಕಿಲೋ ಅಂತ ಹೊಂದಿಸಿದ. ಮರುದಿನ ಬೆಳಗ್ಗೆ ನೋಡಿದರೆ 6.3. ಎಂಟನೆಯ ದಿನ 6.5. ನಮ್ಮ ಹಿರಿಯ ಜೇನುಕೃಷಿಕರೊಬ್ಬರು, "ಇಟ್ಟಿಗೆ ಒಂದೇ ರಾತ್ರಿ ಮುನ್ನೂರು ಗ್ರಾಂ ಜೇನು ಮಾಡಿತಲ್ಲ ಮಾರಾಯ್ರೆ, ಇನ್ನು ಹುಳ ಯಾಕೆ?" ಅಂದರು. ಪೆಟ್ಟಿಗೆ ಎತ್ತಿ ಮತ್ತೆ ಅಲ್ಲೇ ಇಟ್ಟರೆ ಅಂಕಿ ಮತ್ತೊಂದು.

ಹುಡುಗ ಮೋಸ ಮಾಡಿದ್ದಲ್ಲ. ಅದು ಮಸಿಯ ಗುಣ. ಭಾರ ಇಟ್ಟಷ್ಟು ಹೊತ್ತೂ ಮಸಿಯ ಉಬ್ಬುಗಳು ಇನ್ನಷ್ಟು ಇನ್ನಷ್ಟು ತಗ್ಗಿ ಒರಗುತ್ತವೆ, ತಡೆ ಇಳಿಯುತ್ತ ಹೋಗುತ್ತದೆ, ಸಾಧನ ಅದನ್ನು ಭಾರ ಏರಿತು ಅಂತ ಓದುತ್ತದೆ. ಒಳ್ಳೆಯ ತಯಾರಕರು ಇದನ್ನು ಮುಚ್ಚಿಡುವುದೂ ಇಲ್ಲ. ಇಂಟರ್‌ಲಿಂಕ್ 402 ಎಂಬ ಪ್ರಸಿದ್ಧ ಬಿಲ್ಲೆಯ ವಿವರಪತ್ರ ನೋಡಿ. ಅಳೆಯುವ ವ್ಯಾಪ್ತಿ ಸುಮಾರು 20 ಗ್ರಾಂನಿಂದ 2 ಕಿಲೋ ತನಕ. ಒಂದೇ ಬಿಲ್ಲೆಯಲ್ಲಿ ಮತ್ತೆ ಮತ್ತೆ ಅಳೆದಾಗ ಶೇಕಡಾ 2 ಆಚೀಚೆ, ಬಿಲ್ಲೆಯಿಂದ ಬಿಲ್ಲೆಗೆ ಶೇಕಡಾ 6 ಆಚೀಚೆ. ಭಾರ ಹಾಗೇ ಇಟ್ಟರೆ, ಕಾಲ ಹತ್ತು ಪಾಲಾದಾಗಲೆಲ್ಲ ಶೇಕಡಾ 5ರ ತನಕ ಜಾರಿಕೆ. ಅಂದರೆ ಒಂದು ಗಂಟೆಯಿಂದ ಹತ್ತು ಗಂಟೆಗೆ 5, ಹತ್ತರಿಂದ ನೂರಕ್ಕೆ ಮತ್ತೆ 5.

ಇದನ್ನು ಪೆಟ್ಟಿಗೆಗೆ ಹೊಂದಿಸಿ ಲೆಕ್ಕ ಹಾಕಿ. 10 ಕಿಲೋ ಪೆಟ್ಟಿಗೆಯನ್ನು ನಾಲ್ಕು ಬಿಲ್ಲೆ ಹೊತ್ತರೆ ಒಂದಕ್ಕೆ ಎರಡೂವರೆ ಕಿಲೋ, ವ್ಯಾಪ್ತಿಯ ಹೊರಗೇ ಹೋಯಿತು. ಹೊರಗೆ ಹೋಗದಿದ್ದರೂ 10 ಕಿಲೋಗೆ ಶೇಕಡಾ 2 ಅಂದರೆ 200 ಗ್ರಾಂ. ರಬ್ಬರ್ ಚಿಗುರುವ ಕಾಲದಲ್ಲೂ ನಮ್ಮ ತುಡುವೆ ಪೆಟ್ಟಿಗೆಯಲ್ಲಿ ಒಂದು ದಿನಕ್ಕೆ ಏರುವುದು ಅಂಥದ್ದೇ ಅಳತೆಯಲ್ಲಿ. ಅಳೆಯಬೇಕಾದದ್ದೂ ಅಳತೆಯ ತಪ್ಪೂ ಸಮ ಸಮ ಆದರೆ ಅಳೆದು ಪ್ರಯೋಜನವೇನು?

ತಕ್ಕಡಿಯೊಳಗೆ ಇರುವುದೇ ಬೇರೆ

"ಹಾಗಾದರೆ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿ ಸರಿ ತೂಗುವುದು ಹೇಗೆ?" ಅಂತ ಕೇಳುತ್ತೀರಿ. ಅದರೊಳಗೆ ಇರುವುದು ಲೋಡ್ ಸೆಲ್. ಸಾಮಾನ್ಯವಾಗಿ ಅಲ್ಯೂಮಿನಿಯಂ ತುಂಡೊಂದಕ್ಕೆ ಅಂಟಿಸಿದ ನಾಲ್ಕು ಲೋಹದ ಹಾಳೆಯ ಗೇಜುಗಳು. ಪೂರ್ತಿ ಭಾರ ಹಾಕಿದಾಗಲೂ ಆ ಲೋಹ ಹಿಗ್ಗುವುದು ಸಾವಿರದಲ್ಲಿ ಒಂದು ಪಾಲಿನ ಆಸುಪಾಸು. ಬದಲಾವಣೆ ತೀರಾ ಸಣ್ಣದು. ಆದರೆ ಲೋಹ ಪ್ರತಿ ಸಲವೂ ಅದೇ ದಾರಿಯಲ್ಲಿ ಹೋಗಿ ಅದೇ ದಾರಿಯಲ್ಲಿ ವಾಪಸು ಬರುತ್ತದೆ. ಎರಡು ಗೇಜು ಹಿಗ್ಗುವಾಗ ಇನ್ನೆರಡು ಕುಗ್ಗುವಂತೆ ಜೋಡಿಸಿರುವುದರಿಂದ ಬಿಸಿಲಿನ ಪರಿಣಾಮ ಪರಸ್ಪರ ಕಳೆದುಹೋಗುತ್ತದೆ.

ಜೋರಾಗಿ ಕೂಗಿ ದಿನಕ್ಕೊಂದು ಹೇಳುವವನಿಗಿಂತ ಮೆಲ್ಲಗೆ ಹೇಳಿದರೂ ಒಂದೇ ಮಾತು ಹೇಳುವವನನ್ನು ತೂಕಕ್ಕೆ ನಂಬಬೇಕು. ಅಡಿಕೆ, ಕಾಳುಮೆಣಸು, ಜೇನು ಕೊಡುವಾಗ ಬಿಲ್ಲೆಯ ಅಂಕಿಯನ್ನು ಯಾರೂ ಒಪ್ಪಬಾರದು. ವ್ಯಾಪಾರದ ತಕ್ಕಡಿಗೆ 2009ರ ಕಾನೂನುಮಾಪನ ಕಾಯಿದೆಯಂತೆ ಪರಿಶೀಲನೆ, ಮುದ್ರೆ ಇರಲೇಬೇಕು.

ಮಳೆ ಮತ್ತು ಬಿಸಿಲು

ನಮ್ಮ ಕರಾವಳಿಯ ಮಳೆಗಾಲ ಈ ಮಸಿಗೆ ದೊಡ್ಡ ಪರೀಕ್ಷೆ. ಕಾಗದ, ಬಿಳಿ ಅಂಟು ಎರಡೂ ತೇವ ಹೀರಿ ಉಬ್ಬುತ್ತವೆ, ಅಂಕಿ ಬದಲಾಗುತ್ತದೆ. ಬೆಳ್ಳಿಗೆ ಇನ್ನೊಂದು ಕಾಯಿಲೆ. ತೇವ ಇದ್ದು ವೋಲ್ಟೇಜೂ ಇದ್ದರೆ ಬೆಳ್ಳಿ ಒಂದು ಗೆರೆಯಿಂದ ಇನ್ನೊಂದರ ಕಡೆಗೆ ಬೇರು ಬಿಟ್ಟ ಹಾಗೆ ಬೆಳೆದು ಶಾರ್ಟ್ ಮಾಡುತ್ತದೆ. ಅದಕ್ಕೇ ಬೆಳ್ಳಿ ಗೆರೆಯ ಮೇಲೆ ಇಂಗಾಲ ಬಳಿದು ಮುಚ್ಚುವ ಕ್ರಮ ಉಂಟು. ಅಂಚಿನಲ್ಲಿ ನೀರು ನುಗ್ಗದ ಹಾಗೆ ಮುಚ್ಚದ ಬಿಲ್ಲೆ ನಮ್ಮಲ್ಲಿ ಒಂದು ಮಳೆಗಾಲ ದಾಟುವುದು ಅನುಮಾನ.

ಬಿಸಿಲಿನ ತಾಪಕ್ಕೂ ಮಸಿಯ ತಡೆ ಬದಲಾಗುತ್ತದೆ. ಸಾಧನ ಅದನ್ನೇ ಹಿಗ್ಗು ಅಂತ ಓದೀತು. ಇದಕ್ಕೆ ಉಪಾಯ ಸುಲಭ. ಅದೇ ಮಸಿಯ, ಅದೇ ಅಳತೆಯ ಇನ್ನೊಂದು ಪಟ್ಟಿಯನ್ನು ಎಳೆಯದೆ, ಒತ್ತದೆ ಪಕ್ಕದಲ್ಲೇ ಇಡುವುದು. ಬಿಸಿಲು ಎರಡಕ್ಕೂ ಸಮ. ಎರಡರ ಅಂಕಿಯ ವ್ಯತ್ಯಾಸವನ್ನು ಮಾತ್ರ ನೋಡಿದರೆ ಬಿಸಿಲಿನ ಪಾಲು ಬಹುಮಟ್ಟಿಗೆ ಕಳೆಯುತ್ತದೆ. ಗೊಬ್ಬರದ ಪ್ರಯೋಗಕ್ಕೆ ನಾವು ಗೊಬ್ಬರ ಹಾಕದ ಒಂದು ಸಾಲು ಬಿಡುತ್ತೇವಲ್ಲ, ಅದೇ ಕ್ರಮ.

ಹಾಗಾದರೆ ಯಾವುದಕ್ಕೆ ಆದೀತು?

'ಎಷ್ಟು' ಎಂಬುದಕ್ಕೆ ಆಗದ್ದು 'ಉಂಟೋ ಇಲ್ಲವೋ' ಎಂಬುದಕ್ಕೆ ಚೆನ್ನಾಗಿ ಆಗುತ್ತದೆ. ಪೆಟ್ಟಿಗೆ ಸ್ಟ್ಯಾಂಡಿನ ಮೇಲೆ ಇದೆಯೋ, ಗಾಳಿಗೆ ಬಿತ್ತೋ, ರಾತ್ರಿ ಯಾರಾದರೂ ಎತ್ತಿದರೋ? ಇದನ್ನು ಬಿಲ್ಲೆ ತಕ್ಷಣ ಹೇಳುತ್ತದೆ. ನಮ್ಮ ಇಟ್ಟಿಗೆ ಪೆಟ್ಟಿಗೆಯನ್ನು ಎತ್ತಿದಾಗಲೆಲ್ಲ ಮೊಬೈಲ್ ತಪ್ಪದೆ ಕೂಗಿತು. ಆ ಕೆಲಸಕ್ಕೆ ಶೇಕಡಾ 10ರ ಜಾರಿಕೆ ಲೆಕ್ಕಕ್ಕೇ ಇಲ್ಲ. ಗೇಟು ಮುಚ್ಚಿದೆಯೋ, ಟ್ಯಾಂಕಿನ ಮುಚ್ಚಳ ಕೂತಿದೆಯೋ - ಇಂಥವು ಇದರ ಕ್ಷೇತ್ರ.

ಗಿಡದ ಮೇಲೂ ಒಳ್ಳೆಯ ಕೆಲಸ ನಡೆದಿದೆ. 2017ರಲ್ಲಿ ಅಮೆರಿಕದ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದವರು ಗ್ರಾಫೀನ್ ಎಂಬ ಇಂಗಾಲದ ತೆಳುಪದರವನ್ನು ಟೇಪಿನ ಮೇಲೆ ಕೂರಿಸಿ ಮೆಕ್ಕೆಜೋಳದ ಎಲೆಗೆ ಅಂಟಿಸಿದರು. ಎಲೆ ಬಿಡುವ ಆವಿಗೆ ಅದರ ತಡೆ ಬದಲಾಗುತ್ತದೆ. ನೀರು ಬೇರಿನಿಂದ ಕೆಳಗಿನ ಎಲೆಗೆ, ಮೇಲಿನ ಎಲೆಗೆ ತಲಪಲು ಎಷ್ಟು ಹೊತ್ತು ಬೇಕಾಯಿತು ಅಂತ ಹೀಗೆ ಅಳೆದರು. 2019ರಲ್ಲಿ ಪ್ರಕಟವಾದ ಇನ್ನೊಂದು ಕೆಲಸದಲ್ಲಿ ಇಂಗಾಲದ ನ್ಯಾನೋ ನಳಿಗೆ ಮತ್ತು ಗ್ರಾಫೈಟ್ ಸೇರಿಸಿದ ಹಿಗ್ಗುವ ಪಟ್ಟಿಯಿಂದ ಗಿಡದ ಬೆಳವಣಿಗೆಯನ್ನು ಹೊತ್ತು ಹೊತ್ತಿಗೆ ಗಮನಿಸಿದರು. ತಳಿ ಆರಿಸುವವರಿಗೆ, ನೀರಿನ ಸಂಶೋಧನೆ ಮಾಡುವವರಿಗೆ ಇವು ಬೇಕಾದ ಸಂಗತಿಗಳೇ. ನಮಗೆ ಸೌತೆಕಾಯಿ ದಿನಕ್ಕೆ ಎಷ್ಟು ಬೆಳೆಯಿತು ಅಂತ ತಿಳಿದರೆ ಸಾಕಾದರೆ ಒಂದು ನೂಲು, ಒಂದು ಅಡಿಪಟ್ಟಿ ಸಾಕು.

ಕೊಳ್ಳುವ ಮುಂಚೆ ಕೇಳಿ

ಯಾರೇ ಸೆನ್ಸರ್ ತಂದರೂ ಈ ಐದು ಪ್ರಶ್ನೆ ಕೇಳಿ.

1. ಒಳಗಿರುವುದು ಮಸಿಯ ಬಿಲ್ಲೆಯೋ, ಲೋಹದ ಲೋಡ್ ಸೆಲ್ಲೋ?

2. ಭಾರ ಹಾಗೇ ಇಟ್ಟರೆ ಒಂದು ವಾರದಲ್ಲಿ ಅಂಕಿ ಎಷ್ಟು ಜಾರುತ್ತದೆ?

3. ನಾನು ಅಳೆಯಬೇಕಾದ ಬದಲಾವಣೆ ದೊಡ್ಡದೋ, ಸಾಧನದ ಆಚೀಚೆ ದೊಡ್ಡದೋ?

4. ಮಳೆಗಾಲದಲ್ಲಿ ಹೊರಗಿಟ್ಟು ನೋಡಿದ್ದೀರಾ? ಎಲ್ಲಿ?

5. ಮಸಿಯ ಭಾಗ ಹಾಳಾದರೆ ಅದೊಂದನ್ನೇ ಬದಲಿಸಬಹುದೇ, ಎಷ್ಟಕ್ಕೆ?

ಉತ್ತರ ಬಾಯಲ್ಲಿ ಬೇಡ, ಬರಹದಲ್ಲಿ ಕೇಳಿ. ಮತ್ತೆ ಒಂದು ಪೆಟ್ಟಿಗೆ ಇಟ್ಟಿಗೆ ತುಂಬಿಸಿ ವಾರ ಕಾಯಿರಿ. ಇದಕ್ಕೆ ಖರ್ಚಿಲ್ಲ.

ನಾವು ಏಳು ಮನೆಯವರು ಕೊನೆಗೆ ಮಾಡಿದ್ದು ಇಷ್ಟು. 42 ಪೆಟ್ಟಿಗೆಗೆ ಬಿಲ್ಲೆ ಬೇಡ ಅಂತ ತೀರ್ಮಾನಿಸಿದೆವು. ಲೋಡ್ ಸೆಲ್ ಇರುವ ಒಂದು ತೂಗುತಕ್ಕಡಿಯನ್ನು ಸೇರಿ ಕೊಂಡೆವು. ವಾರಕ್ಕೊಮ್ಮೆ ಸಂಜೆ ಹುಳ ಒಳಗೆ ಸೇರಿದ ಮೇಲೆ ಮನೆಗೆ ಎರಡೆರಡು ಪೆಟ್ಟಿಗೆ ತೂಗಿ ಬರೆದಿಡುತ್ತೇವೆ. ರಸ್ತೆ ಬದಿಯ ಮೂರು ಪೆಟ್ಟಿಗೆಗಳಿಗೆ ಮಾತ್ರ ಕಳ್ಳರ ಕಾವಲಿಗೆ ಅಂತ ಬಿಲ್ಲೆ ಹಾಕಿಸಿದ್ದೇವೆ. ಅದೇ ಹುಡುಗನಿಂದಲೇ. ಬಿಲ್ಲೆಯ ಅಂಚಿಗೆ ಮೇಣ ಹಾಕಿ ಮುಚ್ಚಿದ್ದು ಈ ಮಳೆಗಾಲಕ್ಕೆ ತಡೆಯುತ್ತದೋ ನೋಡಬೇಕು.

ರಬ್ಬರ್ ಹಾಲಿನ ಮಸಿ ಮಾಡಿ ನೋಡಿದವರು ಎಷ್ಟು ಪುಡಿಗೆ ಎಷ್ಟು ಹಾಲು ಹಾಕಿದಿರಿ, ಅಂಕಿ ಎಷ್ಟು ಬಂತು ಅಂತ ಪತ್ರಿಕೆಗೆ ಒಂದು ಕಾಗದ ಬರೆಯಿರಿ. ಆಗದಿದ್ದರೆ ಅದನ್ನೂ ಬರೆಯಿರಿ.